ಪಿಪ್ ‘ಇದೆ’ ಎನ್ನುತ್ತದೆ, ಎಡಿಟರ್ ‘ಇಲ್ಲ’ ಎನ್ನುತ್ತದೆ: ಒಂದೇ ಕಂಪ್ಯೂಟರಿನಲ್ಲಿ ಹಲವು ಪೈಥಾನ್‌ಗಳಿದ್ದಾಗ ದೋಷ ಪತ್ತೆ

ಲಕ್ಷಣ ಸಾಮಾನ್ಯವಾಗಿ ಹೀಗಿರುತ್ತದೆ. ಪಿಪ್ ಎಂದರೆ ಪೈಥಾನ್‌ಗೆ ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಸೇರಿಸುವ ಟೂಲ್. ಟರ್ಮಿನಲ್‌ನಲ್ಲಿ ‘ಪಿಪ್ ಇನ್‌ಸ್ಟಾಲ್ ರಿಕ್ವೆಸ್ಟ್ಸ್’ ಕೊಟ್ಟರೆ ‘ರಿಕ್ವೈರ್‌ಮೆಂಟ್ ಆಲ್‌ರೆಡಿ ಸ್ಯಾಟಿಸ್‌ಫೈಡ್’ ಎಂದು ಬರುತ್ತದೆ. ಎಡಿಟರ್‌ನಲ್ಲಿ ರನ್ ಒತ್ತಿದರೆ ‘ಮಾಡ್ಯೂಲ್‌ನಾಟ್‌ಫೌಂಡ್‌ಎರರ್: ನೋ ಮಾಡ್ಯೂಲ್ ನೇಮ್ಡ್ ರಿಕ್ವೆಸ್ಟ್ಸ್’. ಇವೆರಡರಲ್ಲಿ ಯಾವುದೂ ಸುಳ್ಳಲ್ಲ. ಪಿಪ್ ಒಂದು ಪೈಥಾನ್‌ನ ಪ್ಯಾಕೇಜ್‌ಗಳು ಕೂರುವ ಸೈಟ್-ಪ್ಯಾಕೇಜಸ್ ಫೋಲ್ಡರ್ ನೋಡಿ ಉತ್ತರ ಕೊಟ್ಟಿದೆ, ಎಡಿಟರ್ ಬೇರೊಂದು ಪೈಥಾನ್‌ನಲ್ಲಿ ಪ್ರೋಗ್ರಾಂ ಓಡಿಸಿದೆ.

ಇಲ್ಲಿಗೆ ಬಂದವರಲ್ಲಿ ಬಹಳ ಜನ ಪೈಥಾನ್ ಅನ್ನೇ ಮತ್ತೊಮ್ಮೆ ಇನ್‌ಸ್ಟಾಲ್ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡಿದ್ದ ಪೈಥಾನ್ ಮೂರಾಗುತ್ತದೆ, ಹುಡುಕಬೇಕಾದ ಜಾಗ ಇನ್ನೊಂದು ಹೆಚ್ಚುತ್ತದೆ. ಮೊದಲು ಯಾವುದು ಓಡುತ್ತಿದೆ ಎಂದು ತಿಳಿಯಬೇಕು, ಆಮೇಲೆ ಕೈ ಹಾಕಬೇಕು.

ಈ ಬರಹದಲ್ಲಿ ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಓದುವ ಹಾಗೆ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ‘-ಎಂ’ ಅಂದರೆ ಹೈಫನ್ ಮತ್ತು ಸಣ್ಣ ಎಂ.

ಕೆಟ್ಟ ಜಾಗದಲ್ಲೇ ಕೇಳಿ

ಎರರ್ ಕೊಡುತ್ತಿರುವ ಫೈಲ್‌ನ ತೀರ ಮೇಲೆ, ಎಡವುತ್ತಿರುವ ಇಂಪೋರ್ಟ್ ಸಾಲಿಗಿಂತ ಮುಂಚೆ, ಇಷ್ಟು ಸೇರಿಸಿ:

ಇಂಪೋರ್ಟ್ ಸಿಸ್
ಪ್ರಿಂಟ್(ಸಿಸ್.ಎಕ್ಸಿಕ್ಯೂಟೆಬಲ್)
ಪ್ರಿಂಟ್(ಸಿಸ್.ವರ್ಷನ್)
ಪ್ರಿಂಟ್(ಸಿಸ್.ಪ್ರಿಫಿಕ್ಸ್, ಸಿಸ್.ಬೇಸ್_ಪ್ರಿಫಿಕ್ಸ್)

ಎರರ್ ಬಂದ ಅದೇ ಬಟನ್ ಒತ್ತಿ ಓಡಿಸಿ. ಟರ್ಮಿನಲ್‌ಗೆ ಹೋಗಿ ಓಡಿಸಿದರೆ ಪ್ರಯೋಜನವಿಲ್ಲ, ಅಲ್ಲಿ ಓಡುವುದು ಬೇರೆ ಪೈಥಾನ್ ಇರಬಹುದು. ಮೊದಲ ಸಾಲಿನಲ್ಲಿ ಬರುವ ಪಾತ್ (ಫೈಲ್ ಇರುವ ಜಾಗದ ವಿಳಾಸ) ನಿಮ್ಮ ಉತ್ತರ. ಕೊನೆಯ ಸಾಲಿನ ಎರಡು ಪಾತ್‌ಗಳು ಬೇರೆ ಬೇರೆ ಇದ್ದರೆ ಪ್ರೋಗ್ರಾಂ ವರ್ಚುವಲ್ ಎನ್‌ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟ್‌ಗೆಂದೇ ಮಾಡಿಕೊಂಡ ಪ್ರತ್ಯೇಕ ಪೈಥಾನ್ ಪರಿಸರ) ಒಳಗೆ ಓಡುತ್ತಿದೆ, ಒಂದೇ ಇದ್ದರೆ ಅದರ ಹೊರಗೆ.

ಈಗ ಟರ್ಮಿನಲ್‌ನಲ್ಲಿ ‘ಪಿಪ್ --ವರ್ಷನ್’ ಕೊಡಿ. ಪಿಪ್ ತನ್ನ ವರ್ಷನ್ ಜೊತೆಗೆ ತಾನು ಕೂತಿರುವ ಫೋಲ್ಡರ್‌ನ ಪಾತ್ ಹಾಗೂ ತಾನು ಸೇರಿದ ಪೈಥಾನ್‌ನ ವರ್ಷನ್ ಹೇಳುತ್ತದೆ. ಕೊನೆಯಲ್ಲಿ ‘(ಪೈಥಾನ್ 3.10)’ ಎಂದು ಬಂದು, ಮೇಲಿನ ಪ್ರಿಂಟ್‌ನಲ್ಲಿ 3.12 ಬಂದಿದ್ದರೆ ದೋಷ ಸಿಕ್ಕಿತು. ವರ್ಷನ್ ಒಂದೇ ಇದ್ದರೂ ಪಾತ್ ಬೇರೆ ಇರಬಹುದು. ನಂಬಬೇಕಾದದ್ದು ಪಾತ್ ಅನ್ನು, ವರ್ಷನ್ ಸಂಖ್ಯೆಯನ್ನಲ್ಲ.

ಪರಿಹಾರ ಇಷ್ಟೇ: ಪ್ರಿಂಟ್‌ನಲ್ಲಿ ಬಂದ ಪೂರ್ತಿ ಪಾತ್ ಕಾಪಿ ಮಾಡಿ, ಅದರ ನಂತರ ‘-ಎಂ ಪಿಪ್ ಇನ್‌ಸ್ಟಾಲ್ ರಿಕ್ವೆಸ್ಟ್ಸ್’ ಸೇರಿಸಿ ಓಡಿಸಿ. ಬರೀ ‘ಪಿಪ್’ ಎಂದು ಟೈಪ್ ಮಾಡುವ ಅಭ್ಯಾಸವನ್ನೇ ಬಿಡುವುದು ಒಳ್ಳೆಯದು. ಪಿಪ್ ಒಂದು ಸಣ್ಣ ಸ್ಕ್ರಿಪ್ಟ್, ಅದನ್ನು ಯಾವ ಪೈಥಾನ್ ಓಡಿಸಬೇಕು ಎಂಬುದು ಅದರ ಮೊದಲ ಸಾಲಿನಲ್ಲೇ ಅಚ್ಚಾಗಿರುತ್ತದೆ. ‘ಪೈಥಾನ್ -ಎಂ ಪಿಪ್’ ಎಂದರೆ ನೀವು ಹೆಸರಿಸಿದ ಪೈಥಾನ್‌ಗೇ ಪ್ಯಾಕೇಜ್ ಸೇರುತ್ತದೆ.

ಪಿಪ್ ಓಡುವಾಗ ‘ಡಿಫಾಲ್ಟಿಂಗ್ ಟು ಯೂಸರ್ ಇನ್‌ಸ್ಟಾಲೇಶನ್’ ಎಂಬ ಸಾಲು ಕಂಡರೆ ದಾಟಿಹೋಗಬೇಡಿ. ವರ್ಚುವಲ್ ಎನ್‌ವಿರಾನ್‌ಮೆಂಟ್ ಆನ್ ಆಗಿದೆ ಎಂದು ನೀವು ಅಂದುಕೊಂಡಿದ್ದೀರಿ, ಆದರೆ ಆಗಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಸಿಗುವುದಿಲ್ಲ.

ಎಷ್ಟು ಪೈಥಾನ್‌ಗಳಿವೆ

ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ‘ಟೈಪ್ -ಎ ಪೈಥಾನ್ ಪೈಥಾನ್3’ ಕೊಡಿ. ‘ವಿಚ್’ ಬೇಡ ಎನ್ನುವುದಕ್ಕೆ ಕಾರಣವಿದೆ: ಬ್ಯಾಶ್‌ನಲ್ಲಿ ‘ವಿಚ್’ ಹೊರಗಿನ ಪ್ರೋಗ್ರಾಂ, ಅದಕ್ಕೆ ಏಲಿಯಸ್ (ಕಮಾಂಡ್‌ಗೆ ನೀವಿಟ್ಟ ಅಡ್ಡಹೆಸರು) ಕಾಣುವುದಿಲ್ಲ. ಯಾವತ್ತೋ ಬ್ಯಾಶ್‌ನ ಸೆಟ್ಟಿಂಗ್ ಫೈಲ್ ‘.ಬ್ಯಾಶ್‌ಆರ್‌ಸಿ’ಯಲ್ಲಿ ಬರೆದಿಟ್ಟ ‘ಏಲಿಯಸ್ ಪೈಥಾನ್=/ಯುಎಸ್ಆರ್/ಬಿನ್/ಪೈಥಾನ್3’ ಎಂಬ ಸಾಲು, ವರ್ಚುವಲ್ ಎನ್‌ವಿರಾನ್‌ಮೆಂಟ್ ಆನ್ ಆಗಿ ಪ್ರಾಂಪ್ಟ್‌ನಲ್ಲಿ ಅದರ ಹೆಸರು ಕಾಣುತ್ತಿದ್ದರೂ, ಸಿಸ್ಟಂ ಪೈಥಾನ್ ಅನ್ನೇ ಎಬ್ಬಿಸುತ್ತದೆ. ಆನ್, ಅಂದರೆ ಆಕ್ಟಿವೇಟ್, ಮಾಡುವುದು ಎಂದರೆ ಮುಖ್ಯವಾಗಿ ಪಾತ್ ವೇರಿಯಬಲ್‌ನ (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಆರಂಭಕ್ಕೆ ಒಂದು ಫೋಲ್ಡರ್ ಸೇರಿಸುವುದು. ಏಲಿಯಸ್ ಪಾತ್‌ಗಿಂತ ಮೊದಲು ಓದಲ್ಪಡುತ್ತದೆ, ಹಾಗಾಗಿ ಅದೇ ಗೆಲ್ಲುತ್ತದೆ.

ವಿಂಡೋಸ್‌ನಲ್ಲಿ ‘ಪೈ -0ಪಿ’ ಕೊಡಿ, ಮಧ್ಯದ್ದು ಸೊನ್ನೆ. ‘ಪೈ’ ಎಂಬ ಈ ಲಾಂಚರ್‌ಗೆ ಗೊತ್ತಿರುವ ಪೈಥಾನ್‌ಗಳೆಲ್ಲ ಪಾತ್ ಸಮೇತ ಬರುತ್ತವೆ, ಡಿಫಾಲ್ಟ್ ಇರುವುದರ ಪಕ್ಕ ನಕ್ಷತ್ರ ಇರುತ್ತದೆ. ಆಮೇಲೆ ‘ವೇರ್.ಇಎಕ್ಸ್ಇ ಪೈಥಾನ್’ ಕೊಡಿ. ಪವರ್‌ಶೆಲ್‌ನಲ್ಲಿ ‘.ಇಎಕ್ಸ್ಇ’ ಬಿಡಬೇಡಿ, ಅಲ್ಲಿ ಬರೀ ‘ವೇರ್’ ಎಂಬುದು ಬೇರೆ ಕಮಾಂಡ್‌ನ ಅಡ್ಡಹೆಸರು. ಏನೂ ತೋರಿಸದೆ ಸುಮ್ಮನಾಗುತ್ತದೆ, ನೀವು ಪೈಥಾನ್ ಇಲ್ಲವೇ ಇಲ್ಲ ಎಂದುಕೊಳ್ಳುತ್ತೀರಿ.

ಪಟ್ಟಿಯ ಮೊದಲಲ್ಲೇ ‘ವಿಂಡೋಸ್‌ಆಪ್ಸ್’ ಫೋಲ್ಡರ್‌ನ ಪೈಥಾನ್ ಕಂಡರೆ ಎಚ್ಚರ. ಸ್ಟೋರ್‌ನಿಂದ ನೀವೇ ಇನ್‌ಸ್ಟಾಲ್ ಮಾಡಿರದಿದ್ದರೆ ಅದು ನಿಜವಾದ ಪೈಥಾನ್ ಅಲ್ಲ, ಮೈಕ್ರೋಸಾಫ್ಟ್ ಸ್ಟೋರ್ ತೆರೆಯುವ ಕೊಂಡಿ ಮಾತ್ರ. ಡೈರೆಕ್ಟರಿ ಪಟ್ಟಿಯಲ್ಲಿ ಅದರ ಗಾತ್ರ 0 ಬೈಟ್ ಎಂದು ಕಾಣುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಆಪ್ ಎಕ್ಸಿಕ್ಯೂಶನ್ ಏಲಿಯಸಸ್’ ಎಂದು ಹುಡುಕಿ ‘ಪೈಥಾನ್.ಇಎಕ್ಸ್ಇ’, ‘ಪೈಥಾನ್3.ಇಎಕ್ಸ್ಇ’ ಎರಡನ್ನೂ ಆಫ್ ಮಾಡಿ, ಹೊಸ ಟರ್ಮಿನಲ್ ತೆರೆಯಿರಿ. ಹಳೆಯ ಟರ್ಮಿನಲ್ ಹಳೆಯ ಪಾತ್ ಅನ್ನೇ ಇಟ್ಟುಕೊಂಡಿರುತ್ತದೆ.

ಮ್ಯಾಕ್‌ನಲ್ಲಿ ಪಾತ್ ನೋಡಿದ ಕೂಡಲೇ ಮೂಲ ಹೇಳಬಹುದು. ‘/ಯುಎಸ್ಆರ್/ಬಿನ್’ ಆದರೆ ಆಪಲ್‌ನ ಡೆವಲಪರ್ ಟೂಲ್ಸ್ ಜೊತೆ ಬಂದದ್ದು. ‘/ಓಪಿಟಿ/ಹೋಮ್‌ಬ್ರೂ/ಬಿನ್’ ಆದರೆ ಎಂ ಸರಣಿಯ ಚಿಪ್‌ನ ಮ್ಯಾಕ್‌ನಲ್ಲಿ ಹೋಮ್‌ಬ್ರೂ (ಟೂಲ್‌ಗಳನ್ನು ಇನ್‌ಸ್ಟಾಲ್ ಮಾಡುವ ವ್ಯವಸ್ಥೆ) ಹಾಕಿದ್ದು. ಇಂಟೆಲ್ ಮ್ಯಾಕ್‌ನಲ್ಲಿ ಹೋಮ್‌ಬ್ರೂ ಇರುವುದು ‘/ಯುಎಸ್ಆರ್/ಲೋಕಲ್/ಬಿನ್’ನಲ್ಲಿ. ‘/ಲೈಬ್ರರಿ/ಫ್ರೇಮ್‌ವರ್ಕ್ಸ್/ಪೈಥಾನ್.ಫ್ರೇಮ್‌ವರ್ಕ್’ ಆದರೆ ಪೈಥಾನ್‌ನ ಅಧಿಕೃತ ತಾಣದ ಇನ್‌ಸ್ಟಾಲರ್. ಈ ಕೊನೆಯದಕ್ಕೆ ಒಂದು ವಿಶೇಷವಿದೆ: ಎಚ್‌ಟಿಟಿಪಿಎಸ್ ವಿಳಾಸ ತೆರೆಯುವಾಗ ‘ಸರ್ಟಿಫಿಕೇಟ್ ವೆರಿಫೈ ಫೇಲ್ಡ್’ ಎಂದು ಇದರಲ್ಲಿ ಮಾತ್ರ ಬಂದು ಹೋಮ್‌ಬ್ರೂ ಪೈಥಾನ್‌ನಲ್ಲಿ ಬಾರದಿದ್ದರೆ, ಅಪ್ಲಿಕೇಶನ್ಸ್ ಒಳಗಿನ ಪೈಥಾನ್ ಫೋಲ್ಡರ್‌ನಲ್ಲಿರುವ ‘ಇನ್‌ಸ್ಟಾಲ್ ಸರ್ಟಿಫಿಕೇಟ್ಸ್.ಕಮಾಂಡ್’ ಅನ್ನು ಒಮ್ಮೆ ಡಬಲ್ ಕ್ಲಿಕ್ ಮಾಡಿ.

ಉಬುಂಟು, ಡೆಬಿಯನ್‌ನಲ್ಲಿ ಮುಟ್ಟಬಾರದ್ದು

2023ರಲ್ಲಿ ಬಂದ ಡೆಬಿಯನ್ 12 ಮತ್ತು ಉಬುಂಟು 23.04ರಿಂದ ಈಚೆಗೆ ‘ಪಿಪ್ ಇನ್‌ಸ್ಟಾಲ್’ ಕೊಟ್ಟರೆ ‘ಎಕ್ಸ್‌ಟರ್ನಲಿ-ಮ್ಯಾನೇಜ್ಡ್-ಎನ್‌ವಿರಾನ್‌ಮೆಂಟ್’ ಎಂಬ ಎರರ್ ಬರುತ್ತದೆ. ಇದು ಕೆಟ್ಟಿರುವ ಲಕ್ಷಣವಲ್ಲ, ಬೇಕೆಂದೇ ಹಾಕಿದ ಬೇಲಿ. ಪೈಥಾನ್‌ನ ಅಧಿಕೃತ ಪ್ರಸ್ತಾವ ಪೆಪ್ 668ರ ಪ್ರಕಾರ ಸಿಸ್ಟಂ ಪೈಥಾನ್‌ನ ಫೋಲ್ಡರ್‌ನಲ್ಲಿ ಒಂದು ಗುರುತಿನ ಫೈಲ್ ಇರುತ್ತದೆ, ಪಿಪ್ ಅದನ್ನು ನೋಡಿ ನಿಲ್ಲುತ್ತದೆ. ‘--ಬ್ರೇಕ್-ಸಿಸ್ಟಂ-ಪ್ಯಾಕೇಜಸ್’ ಸೇರಿಸಿ ಬೇಲಿ ಹಾರಬಹುದು ಎಂದು ಹೇಳುವವರು ಸಿಗುತ್ತಾರೆ. ಆ ಆಪ್ಶನ್‌ನ ಹೆಸರೇ ಏನಾಗುತ್ತದೆ ಎಂದು ಹೇಳುತ್ತಿದೆ. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ‘ಪೈಥಾನ್3 -ಎಂ ವೆನ್ವ್ .ವೆನ್ವ್’ ಕೊಟ್ಟು ‘.ವೆನ್ವ್’ ಎಂಬ ವರ್ಚುವಲ್ ಎನ್‌ವಿರಾನ್‌ಮೆಂಟ್ ಮಾಡಿಕೊಂಡು ಅದರೊಳಗೆ ಇನ್‌ಸ್ಟಾಲ್ ಮಾಡಿ. ‘ಎನ್ಶೂರ್‌ಪಿಪ್ ಈಸ್ ನಾಟ್ ಅವೈಲಬಲ್’ ಎಂದರೆ ಮೊದಲು ಸಿಸ್ಟಂನ ಇನ್‌ಸ್ಟಾಲ್ ಟೂಲ್ ಆಪ್ಟ್ ಮೂಲಕ ‘ಪೈಥಾನ್3-ವೆನ್ವ್’ ಹಾಕಿ.

ಇದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿದೆ. ಹೊಸ ಪೈಥಾನ್ ಹಾಕಿ, ‘ಅಪ್‌ಡೇಟ್-ಆಲ್ಟರ್ನೇಟಿವ್ಸ್’ನಿಂದ ‘/ಯುಎಸ್ಆರ್/ಬಿನ್/ಪೈಥಾನ್3’ ಅನ್ನು ಅದರ ಕಡೆಗೆ ತಿರುಗಿಸುವುದು. ಮರುದಿನ ಆಪ್ಟ್ ಓಡಿಸಿದರೆ ‘ನೋ ಮಾಡ್ಯೂಲ್ ನೇಮ್ಡ್ ಆಪ್ಟ್_ಪಿಕೆಜಿ’ ಎಂದು ನಿಲ್ಲುತ್ತದೆ, ಗ್ನೋಮ್ ಟರ್ಮಿನಲ್ ತೆರೆಯುವುದೇ ಇಲ್ಲ. ಅವು ಪೈಥಾನ್‌ನಲ್ಲೇ ಬರೆದ ಭಾಗಗಳನ್ನು ಅವಲಂಬಿಸಿವೆ, ಅವುಗಳ ಸಿ ಮಾಡ್ಯೂಲ್‌ಗಳು ಸಿಸ್ಟಂ ಜೊತೆ ಬಂದ ವರ್ಷನ್‌ಗೆ ಮಾತ್ರ ಕಂಪೈಲ್ ಆಗಿವೆ. ಈಗಾಗಲೇ ಮಾಡಿಬಿಟ್ಟಿದ್ದರೆ ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಬೇರೆ ಕನ್ಸೋಲ್‌ಗೆ ಹೋಗಿ ಆ ಕೊಂಡಿಯನ್ನು ಮೂಲ ವರ್ಷನ್‌ಗೆ ಮರಳಿಸಿ. ಉಬುಂಟು 22.04ಕ್ಕೆ ಅದು 3.10, 24.04ಕ್ಕೆ 3.12. ಹೊಸ ವರ್ಷನ್ ಬೇಕಿದ್ದರೆ ‘ಪೈಥಾನ್3.13’ ಎಂದು ಪೂರ್ತಿ ಹೆಸರಿನಿಂದಲೇ ಕರೆಯಿರಿ.

ಹಲವು ಪೈಥಾನ್ ವರ್ಷನ್‌ಗಳನ್ನು ಹಾಕಿಕೊಡುವ ಪೈಎನ್ವ್ ಮೂಲಕ ಕಟ್ಟಿದ (ಸೋರ್ಸ್‌ನಿಂದ ಕಂಪೈಲ್ ಮಾಡಿದ) ಪೈಥಾನ್‌ನಲ್ಲಿ ‘ನೋ ಮಾಡ್ಯೂಲ್ ನೇಮ್ಡ್ _ಎಸ್‌ಎಸ್‌ಎಲ್’, ‘_ಸಿಟೈಪ್ಸ್’, ‘_ಎಸ್‌ಕ್ಯೂಲೈಟ್3’ ಎಂದು ಬಂದರೆ ಪಿಪ್‌ನಿಂದ ಏನೂ ಆಗದು. ಕಟ್ಟುವ ಹೊತ್ತಿಗೆ ಸಿಸ್ಟಂನಲ್ಲಿ ಹೆಡರ್ ಫೈಲ್‌ಗಳು ಇರಲಿಲ್ಲ. ‘ಲಿಬ್‌ಎಸ್‌ಎಸ್‌ಎಲ್-ಡೆವ್’, ‘ಲಿಬ್‌ಎಫ್‌ಎಫ್‌ಐ-ಡೆವ್’, ‘ಲಿಬ್‌ಎಸ್‌ಕ್ಯೂಲೈಟ್3-ಡೆವ್’, ‘ಲಿಬ್‌ಬಿಜೆಡ್2-ಡೆವ್’ ಹಾಕಿ ಅದೇ ವರ್ಷನ್ ಅನ್ನು ಪೈಎನ್ವ್‌ನಲ್ಲಿ ಮತ್ತೆ ಕಟ್ಟಬೇಕು. ಪುನಃ ಇನ್‌ಸ್ಟಾಲ್ ಮಾಡುವುದು ಸರಿಯಾದ ಮದ್ದಾಗುವ ಕೆಲವೇ ಸಂದರ್ಭಗಳಲ್ಲಿ ಇದೊಂದು.

ವಿಎಸ್ ಕೋಡ್: ಎರಡು ರನ್ ಬಟನ್

ಕಮಾಂಡ್ ಪ್ಯಾಲೆಟ್ ತೆರೆದು ‘ಪೈಥಾನ್: ಸೆಲೆಕ್ಟ್ ಇಂಟರ್‌ಪ್ರಿಟರ್’ ಕೊಟ್ಟು ಪ್ರಾಜೆಕ್ಟ್‌ನ ‘.ವೆನ್ವ್’ ಆರಿಸುವುದು ಎಲ್ಲರಿಗೂ ಗೊತ್ತು. ಅದಾದ ಮೇಲೂ ಎರರ್ ಹೋಗದಿದ್ದರೆ ನೀವು ಒತ್ತುತ್ತಿರುವ ಬಟನ್ ಯಾರದ್ದು ನೋಡಿ. ಕೋಡ್ ರನ್ನರ್ ಎಂಬ ಎಕ್ಸ್‌ಟೆನ್ಶನ್ ಹಾಕಿಕೊಂಡವರಿಗೆ ಮೇಲಿನ ಬಲಮೂಲೆಯ ತ್ರಿಕೋನದ ಮೆನುವಿನಲ್ಲಿ ‘ರನ್ ಕೋಡ್’ ಮತ್ತು ‘ರನ್ ಪೈಥಾನ್ ಫೈಲ್’ ಎರಡೂ ಇರುತ್ತವೆ. ‘ರನ್ ಪೈಥಾನ್ ಫೈಲ್’ ನೀವು ಆರಿಸಿದ ಇಂಟರ್‌ಪ್ರಿಟರ್ ಬಳಸುತ್ತದೆ. ‘ರನ್ ಕೋಡ್’ ರೂಢಿಯಂತೆ ‘ಪೈಥಾನ್ -ಯು’ ಎಂದು ಪಾತ್‌ನಲ್ಲಿ ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ, ಕೆಳಗಿನ ಪಟ್ಟಿಯಲ್ಲಿ ಏನು ಆರಿಸಿದ್ದೀರಿ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಆ ಎಕ್ಸ್‌ಟೆನ್ಶನ್‌ನ ಎಕ್ಸಿಕ್ಯೂಟರ್ ಮ್ಯಾಪ್ ಸೆಟ್ಟಿಂಗ್‌ನಲ್ಲಿ ಪೈಥಾನ್ ಎದುರು ‘$ಪೈಥಾನ್‌ಪಾತ್ -ಯು $ಫುಲ್‌ಫೈಲ್‌ನೇಮ್’ ಎಂದು ಹಾಕಿ, ಇಲ್ಲವೇ ಪೈಥಾನ್‌ಗೆ ಆ ಬಟನ್ ಬಳಸಬೇಡಿ.

ಇಂಟರ್‌ಪ್ರಿಟರ್ ಬದಲಿಸುವ ಮುಂಚೆ ತೆರೆದಿದ್ದ ಟರ್ಮಿನಲ್ ತಾನಾಗಿ ಬದಲಾಗುತ್ತದೆ ಎಂದು ನಂಬಬೇಡಿ, ಅದನ್ನು ಮುಚ್ಚಿ ಹೊಸದು ತೆರೆಯಿರಿ. ಪವರ್‌ಶೆಲ್‌ನಲ್ಲಿ ಆಕ್ಟಿವೇಟ್ ಆಗುವಾಗ ‘ರನ್ನಿಂಗ್ ಸ್ಕ್ರಿಪ್ಟ್ಸ್ ಈಸ್ ಡಿಸೇಬಲ್ಡ್’ ಎಂದು ಬಂದರೆ ‘ಸೆಟ್-ಎಕ್ಸಿಕ್ಯೂಶನ್‌ಪಾಲಿಸಿ -ಸ್ಕೋಪ್ ಕರೆಂಟ್‌ಯೂಸರ್ ರಿಮೋಟ್‌ಸೈನ್ಡ್’ ಒಮ್ಮೆ ಕೊಡಿ. ಅದು ಬೇಡವೆನಿಸಿದರೆ ಆಕ್ಟಿವೇಟ್ ಮಾಡುವ ಅಗತ್ಯವೇ ಇಲ್ಲ, ‘.ವೆನ್ವ್\ಸ್ಕ್ರಿಪ್ಟ್ಸ್\ಪೈಥಾನ್.ಇಎಕ್ಸ್ಇ’ ಎಂದು ನೇರ ಕರೆದರೂ ಅದೇ ಪರಿಸರ ಸಿಗುತ್ತದೆ.

ಜುಪಿಟರ್ ನೋಟ್‌ಬುಕ್

ಇಲ್ಲಿ ಗೊಂದಲ ಒಂದು ಪಟ್ಟು ಹೆಚ್ಚು, ಯಾಕೆಂದರೆ ಜುಪಿಟರ್ ಓಡುವ ಪೈಥಾನ್ ಬೇರೆ, ಸೆಲ್‌ನ ಕೋಡ್ ಓಡಿಸುವ ಹಿನ್ನೆಲೆ ಪ್ರೋಗ್ರಾಂ ಆದ ಕರ್ನಲ್‌ನ ಪೈಥಾನ್ ಬೇರೆ ಇರಬಹುದು. ಸೆಲ್‌ನಲ್ಲಿ ಆಶ್ಚರ್ಯಚಿಹ್ನೆ ಹಾಕಿ ‘!ಪಿಪ್ ಇನ್‌ಸ್ಟಾಲ್’ ಎಂದರೆ ಶೆಲ್‌ನ ಪಾತ್‌ನಲ್ಲಿರುವ ಪಿಪ್ ಓಡುತ್ತದೆ. ಶೇಕಡಾ ಚಿಹ್ನೆ ಹಾಕಿ ‘%ಪಿಪ್ ಇನ್‌ಸ್ಟಾಲ್’ ಎಂದರೆ ಆ ಕರ್ನಲ್‌ನ ಪೈಥಾನ್‌ಗೇ ಸೇರುತ್ತದೆ. ಒಂದು ಚಿಹ್ನೆಯ ವ್ಯತ್ಯಾಸ. ಹಾಕಿದ ಮೇಲೆ ಕರ್ನಲ್ ರೀಸ್ಟಾರ್ಟ್ ಮಾಡಿ.

‘ಜುಪಿಟರ್ ಕರ್ನಲ್‌ಸ್ಪೆಕ್ ಲಿಸ್ಟ್’ ಕೊಟ್ಟರೆ ಕರ್ನಲ್‌ಗಳ ಫೋಲ್ಡರ್‌ಗಳು ಕಾಣುತ್ತವೆ. ಪ್ರತಿ ಫೋಲ್ಡರ್‌ನ ‘ಕರ್ನಲ್.ಜೇಸನ್’ ತೆರೆದು ‘ಆರ್ಗ್‌ವಿ’ ಎಂಬಲ್ಲಿನ ಮೊದಲ ಸಾಲು ನೋಡಿ. ಎಂದೋ ಅಳಿಸಿದ ಎನ್‌ವಿರಾನ್‌ಮೆಂಟ್‌ನ ಪಾತ್ ಅಲ್ಲಿದ್ದರೆ ಕರ್ನಲ್ ಏಳುವುದೇ ಇಲ್ಲ. ‘ಜುಪಿಟರ್ ಕರ್ನಲ್‌ಸ್ಪೆಕ್ ರಿಮೂವ್’ ಮುಂದೆ ಹೆಸರು ಕೊಟ್ಟು ತೆಗೆದುಹಾಕಿ. ನಂತರ ಬೇಕಾದ ಎನ್‌ವಿರಾನ್‌ಮೆಂಟ್‌ನ ಪೈಥಾನ್‌ನಲ್ಲಿ ‘ಐಪೈಕರ್ನಲ್’ ಇನ್‌ಸ್ಟಾಲ್ ಮಾಡಿ, ‘ಪೈಥಾನ್ -ಎಂ ಐಪೈಕರ್ನಲ್ ಇನ್‌ಸ್ಟಾಲ್ --ಯೂಸರ್ --ನೇಮ್ ಪ್ರಾಜೆಕ್ಟ್1’ ಕೊಡಿ. ‘ಪೈಥಾನ್ 3’ ಎಂಬ ಒಂದೇ ಹೆಸರಿನ ಮೂರು ಕರ್ನಲ್ ಇಟ್ಟುಕೊಳ್ಳುವುದಕ್ಕಿಂತ ಪ್ರಾಜೆಕ್ಟ್ ಹೆಸರು ಕೊಟ್ಟರೆ ಮುಂದೆ ತಪ್ಪುವುದಿಲ್ಲ.

ಪೈಥಾನ್ ಸರಿ, ವರ್ಷನ್ ಹೊಂದುತ್ತಿಲ್ಲ

ಪಾತ್‌ಗಳೆಲ್ಲ ಸರಿಯಾಗಿದ್ದೂ ಪಿಪ್ ಪುಟಗಟ್ಟಲೆ ಕೆಂಪು ಅಕ್ಷರ ಕಾರಿದರೆ ಕಾರಣ ಬೇರೆ. ಸಿ ಭಾಷೆಯ ಭಾಗಗಳಿರುವ ಪ್ಯಾಕೇಜ್‌ಗಳು ಮೊದಲೇ ಕಂಪೈಲ್ ಆದ, ವ್ಹೀಲ್ ಎಂಬ ಸಿದ್ಧ ಫೈಲ್‌ಗಳಾಗಿ ಬರುತ್ತವೆ. ‘ಸಿಪಿ311-ಸಿಪಿ311-ವಿನ್_ಎಎಂಡಿ64’ ಎಂದು ಫೈಲ್ ಹೆಸರಿನಲ್ಲಿದ್ದರೆ ಅದು ಪೈಥಾನ್ 3.11ಕ್ಕೆ, 64 ಬಿಟ್ ವಿಂಡೋಸ್‌ಗೆ ಮಾತ್ರ. ನಿಮ್ಮ ಪೈಥಾನ್‌ಗೆ ಹೊಂದುವ ವ್ಹೀಲ್ ಇಲ್ಲದಿದ್ದರೆ ಪಿಪ್ ಸುಮ್ಮನಿರುವುದಿಲ್ಲ, ಸೋರ್ಸ್‌ನಿಂದ ಕಟ್ಟಲು ಹೊರಡುತ್ತದೆ. ಆಗ ವಿಂಡೋಸ್‌ನಲ್ಲಿ ‘ಮೈಕ್ರೋಸಾಫ್ಟ್ ವಿಶುವಲ್ ಸಿ++ 14.0 ಆರ್ ಗ್ರೇಟರ್ ಈಸ್ ರಿಕ್ವೈರ್ಡ್’, ಲಿನಕ್ಸ್‌ನಲ್ಲಿ ‘ಪೈಥಾನ್.ಎಚ್: ನೋ ಸಚ್ ಫೈಲ್’ ಎಂದು ಬರುತ್ತದೆ. ಎರರ್ ಕಂಪೈಲರ್ ಕೇಳುತ್ತಿದೆಯೆಂದು ಹಲವು ಜಿಬಿಯ ಬಿಲ್ಡ್ ಟೂಲ್ಸ್ ಇಳಿಸಲು ಕೂರುವ ಮುಂಚೆ, ಒಂದು ಹಳೆಯ ಪೈಥಾನ್ ವರ್ಷನ್‌ನಲ್ಲಿ ಕೆಲಸ ಮುಗಿಯುತ್ತದೆಯೇ ನೋಡಿ.

ಹತ್ತಿರದ ಉದಾಹರಣೆ: ಹಳೆಯ ಪ್ರಾಜೆಕ್ಟ್‌ನ ‘ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ’ಯಲ್ಲಿ ‘ನಂಪೈ==1.22.4’ ಎಂದಿದೆ, ಯಂತ್ರದಲ್ಲಿ ಪೈಥಾನ್ 3.12 ಇದೆ. 1.22.4ಕ್ಕೆ ವ್ಹೀಲ್‌ಗಳಿರುವುದು ಪೈಥಾನ್ 3.10ರವರೆಗೆ. ಪಿಪ್ ಕಟ್ಟಲು ಹೋಗಿ ‘ಮಾಡ್ಯೂಲ್ ಪಿಕೆಜಿಯುಟಿಲ್ ಹ್ಯಾಸ್ ನೋ ಆಟ್ರಿಬ್ಯೂಟ್ ಇಂಪ್‌ಇಂಪೋರ್ಟರ್’ ಎಂದು ಸಾಯುತ್ತದೆ. ನಂಪೈ ಹೆಸರೂ ಇಲ್ಲದ ಈ ಎರರ್ ನೋಡಿ ದಿಕ್ಕು ತಪ್ಪಬೇಡಿ. 2023ರ ಅಕ್ಟೋಬರ್‌ನಲ್ಲಿ ಬಂದ 3.12ರಲ್ಲಿ ಇಂಪ್‌ಇಂಪೋರ್ಟರ್ ಅನ್ನು ತೆಗೆದರು, ‘ಡಿಸ್ಟ್‌ಯುಟಿಲ್ಸ್’ ಮತ್ತು ‘ಇಂಪ್’ ಮಾಡ್ಯೂಲ್‌ಗಳನ್ನೂ ತೆಗೆದರು. ಪ್ಯಾಕೇಜ್ ಕಟ್ಟುವ ಟೂಲ್ ಆದ ಸೆಟಪ್‌ಟೂಲ್ಸ್‌ನ ಹಳೆಯ ವರ್ಷನ್ ಅವನ್ನೇ ಹುಡುಕುತ್ತದೆ. ಇಲ್ಲಿ ಎರಡೇ ದಾರಿ: ನಂಪೈಯನ್ನು 1.26ಕ್ಕೆ ಏರಿಸುವುದು, ಇಲ್ಲವೇ ಆ ಪ್ರಾಜೆಕ್ಟ್‌ಗೆ ಪೈಥಾನ್ 3.10ರ ಎನ್‌ವಿರಾನ್‌ಮೆಂಟ್ ಮಾಡುವುದು. ಪಿಪ್ ಕಟ್ಟಲು ಹೋಗದೆ ನೇರ ‘ಇಲ್ಲ’ ಎನ್ನಬೇಕಿದ್ದರೆ ‘--ಓನ್ಲಿ-ಬೈನರಿ :ಆಲ್:’ ಸೇರಿಸಿ.

ಎಂ ಸರಣಿಯ ಮ್ಯಾಕ್‌ನಲ್ಲಿ ‘ಇನ್‌ಕಂಪ್ಯಾಟಿಬಲ್ ಆರ್ಕಿಟೆಕ್ಚರ್’ ಎಂದು, ‘ಹ್ಯಾವ್ ಎಕ್ಸ್86_64, ನೀಡ್ ಆರ್ಮ್64’ ಎಂದು ಬಂದರೆ ಪೈಥಾನ್ ಒಂದು ಜಾತಿಯದು, ಪ್ಯಾಕೇಜ್ ಇನ್ನೊಂದು ಜಾತಿಯದು. ರೊಸೆಟ್ಟಾದಲ್ಲಿ (ಇಂಟೆಲ್ ಪ್ರೋಗ್ರಾಂಗಳನ್ನು ಎಂ ಚಿಪ್‌ನಲ್ಲಿ ಓಡಿಸುವ ವ್ಯವಸ್ಥೆ) ತೆರೆದ ಟರ್ಮಿನಲ್‌ನಿಂದ ಇನ್‌ಸ್ಟಾಲ್ ಮಾಡಿರುತ್ತಾರೆ. ಎನ್‌ವಿರಾನ್‌ಮೆಂಟ್ ಅಳಿಸಿ ಸಾಮಾನ್ಯ ಟರ್ಮಿನಲ್‌ನಿಂದ ಮತ್ತೆ ಮಾಡಿ.

ಲಿಂಟರ್ ಮತ್ತು ಟೈಪ್ ಪರೀಕ್ಷಕಗಳು

ಲಿಂಟರ್ ಎಂದರೆ ಕೋಡ್ ಓಡಿಸದೆಯೇ ಅದರ ತಪ್ಪು ಹುಡುಕುವ ಟೂಲ್. ಪ್ರೋಗ್ರಾಂ ಸರಿಯಾಗಿ ಓಡುತ್ತದೆ, ಆದರೆ ಪೈಲಿಂಟ್ ಎಂಬ ಲಿಂಟರ್ ‘ಇ0401’ ಎಂದು ಇಂಪೋರ್ಟ್ ಸಾಲಿನ ಕೆಳಗೆ ಗೆರೆ ಎಳೆಯುತ್ತದೆ. ಪೈಲಿಂಟ್ ತಾನು ಓಡುವ ಪೈಥಾನ್‌ನ ಪ್ಯಾಕೇಜ್‌ಗಳನ್ನಷ್ಟೇ ನೋಡುತ್ತದೆ. ಪ್ರತಿ ಟೂಲನ್ನೂ ಅದರದೇ ಎನ್‌ವಿರಾನ್‌ಮೆಂಟ್‌ನಲ್ಲಿ ಹಾಕುವ ಪಿಪ್‌ಎಕ್ಸ್‌ನಿಂದ ಬೇರೆಯಾಗಿ ಹಾಕಿದ್ದರೆ ನಿಮ್ಮ ಪ್ರಾಜೆಕ್ಟ್‌ನದು ಅದಕ್ಕೆ ಕಾಣದು. ಪೈಲಿಂಟ್ ಅನ್ನು ಪ್ರಾಜೆಕ್ಟ್‌ನ ಎನ್‌ವಿರಾನ್‌ಮೆಂಟ್‌ಗೇ ಹಾಕಿ. ಟೈಪ್ ಪರೀಕ್ಷಿಸುವ ಮೈಪೈಗೆ ಬೇರೆ ಉಪಾಯವಿದೆ: ‘--ಪೈಥಾನ್-ಎಕ್ಸಿಕ್ಯೂಟೆಬಲ್’ ಮುಂದೆ ‘.ವೆನ್ವ್’ನ ಪೈಥಾನ್ ಪಾತ್ ಕೊಟ್ಟರೆ ಸಾಕು. ಕೋಡ್‌ನ ವಿನ್ಯಾಸ ಸರಿಪಡಿಸುವ ಬ್ಲ್ಯಾಕ್ ಎಂಬ ಟೂಲ್ ಪ್ಯಾಕೇಜ್‌ಗಳನ್ನು ನೋಡುವುದಿಲ್ಲವಾದ್ದರಿಂದ ಎಲ್ಲಿದ್ದರೂ ನಡೆಯುತ್ತದೆ. ಆದರೆ ಹೊಸ ಸಿಂಟ್ಯಾಕ್ಸ್ ಇರುವ ಫೈಲ್‌ಗೆ, ಅದನ್ನು ಓದಬಲ್ಲಷ್ಟು ಹೊಸ ಪೈಥಾನ್‌ನಲ್ಲೇ ಬ್ಲ್ಯಾಕ್ ಓಡಬೇಕು.

ಹೋಮ್‌ಬ್ರೂ ಪೈಥಾನ್ ಏರಿಸಿದ ಮರುದಿನ ‘ಬ್ಯಾಡ್ ಇಂಟರ್‌ಪ್ರಿಟರ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದು ಟೂಲ್‌ಗಳು ನಿಲ್ಲುವುದು, ಪ್ರಾಜೆಕ್ಟ್ ಫೋಲ್ಡರ್‌ನ ಹೆಸರು ಬದಲಿಸಿದ ಮೇಲೆ ಪಿಪ್ ನಿಲ್ಲುವುದು, ವಿಂಡೋಸ್‌ನಲ್ಲಿ ‘ಫೇಟಲ್ ಎರರ್ ಇನ್ ಲಾಂಚರ್’ ಬರುವುದು, ಮೂರಕ್ಕೂ ಬೇರು ಒಂದೇ. ವರ್ಚುವಲ್ ಎನ್‌ವಿರಾನ್‌ಮೆಂಟ್‌ನ ಸ್ಕ್ರಿಪ್ಟ್‌ಗಳಲ್ಲಿ ಪೂರ್ತಿ ಪಾತ್ ಬರೆದಿರುತ್ತದೆ, ಅದನ್ನು ಎತ್ತಿಕೊಂಡು ಹೋಗಲು ಬರುವುದಿಲ್ಲ. ರಿಪೇರಿ ಮಾಡುತ್ತಾ ಕೂರದೆ ‘.ವೆನ್ವ್’ ಅಳಿಸಿ ಹೊಸದಾಗಿ ಮಾಡಿ. ಪಿಪ್‌ಎಕ್ಸ್‌ಗೆ ‘ಪಿಪ್‌ಎಕ್ಸ್ ರೀಇನ್‌ಸ್ಟಾಲ್-ಆಲ್’, ಗಿಟ್ ಕಮಿಟ್‌ಗೆ ಮುಂಚೆ ಪರೀಕ್ಷೆ ನಡೆಸುವ ಪ್ರೀ-ಕಮಿಟ್ ಟೂಲ್‌ಗೆ ‘ಪ್ರೀ-ಕಮಿಟ್ ಕ್ಲೀನ್’.

ಕನ್ನಡ ಪಠ್ಯವಿದ್ದಾಗ

ಕನ್ನಡದಲ್ಲಿ ಕೆಲಸ ಮಾಡುವವರು ವಿಂಡೋಸ್‌ನಲ್ಲಿ ತಪ್ಪದೆ ಎದುರಿಸುವ ದೋಷ ಇದು. ಅದೇ ಪ್ರೋಗ್ರಾಂ ಟರ್ಮಿನಲ್‌ನಲ್ಲಿ ಕನ್ನಡ ಪ್ರಿಂಟ್ ಮಾಡುತ್ತದೆ, ಎಡಿಟರ್‌ನ ಔಟ್‌ಪುಟ್ ಪ್ಯಾನೆಲ್‌ನಲ್ಲಿ ‘ಯೂನಿಕೋಡ್‌ಎನ್‌ಕೋಡ್‌ಎರರ್: ಚಾರ್‌ಮ್ಯಾಪ್’ ಎನ್ನುತ್ತದೆ. 3.6ರಿಂದ ಪೈಥಾನ್ ವಿಂಡೋಸ್ ಕನ್ಸೋಲ್‌ಗೆ ಯೂನಿಕೋಡ್‌ನಲ್ಲೇ ಬರೆಯುತ್ತದೆ. ಆದರೆ ಟೂಲ್ ಔಟ್‌ಪುಟ್ ಅನ್ನು ಪೈಪ್ ಮೂಲಕ ಎಳೆದುಕೊಂಡರೆ ಸಿಸ್ಟಂನ ಹಳೆಯ ಕೋಡ್‌ಪೇಜ್ (ಬೈಟ್‌ಗೆ ಅಕ್ಷರ ಹೊಂದಿಸುವ ಪಟ್ಟಿ) ಬಳಸುತ್ತದೆ. ಇಂಗ್ಲಿಷ್ (ಇಂಡಿಯಾ) ಸೆಟ್ಟಿಂಗ್‌ನಲ್ಲಿ ಅದು 1252, ಅದರಲ್ಲಿ ಕನ್ನಡವಿಲ್ಲ.

ಫೈಲ್ ಓದುವಾಗಲೂ ಹೀಗೇ. ಎನ್‌ಕೋಡಿಂಗ್ ಹೇಳದೆ ‘ಓಪನ್’ ಮಾಡಿದರೆ ‘ಕಾಂಟ್ ಡಿಕೋಡ್ ಬೈಟ್ 0ಎಕ್ಸ್8ಡಿ’ ಅಥವಾ ‘0ಎಕ್ಸ್81’ ಎಂದು ಬರುತ್ತದೆ. ಈ ಬೈಟ್‌ಗಳು ಎಲ್ಲಿಂದ ಬಂದವು ಎಂದು ನೋಡಿದರೆ ದೋಷ ಕಣ್ಣಿಗೆ ಕಟ್ಟುತ್ತದೆ. ಹಲಂತ ಚಿಹ್ನೆ ಯುಟಿಎಫ್-8ರಲ್ಲಿ ಇ0 ಬಿ3 8ಡಿ, ಉಕಾರದ ಕೊಂಬು ಇ0 ಬಿ3 81. 1252ರ ಪಟ್ಟಿಯಲ್ಲಿ 8ಡಿ ಮತ್ತು 81 ಖಾಲಿ ಜಾಗಗಳು. ಹಾಗಾಗಿ ‘ಮನೆ’ ಎಂಬ ಪದ ಮಾತ್ರ ಇರುವ ಫೈಲ್ ಎರರ್ ಇಲ್ಲದೆ ಕಸವಾಗಿ ಓದಲ್ಪಡುತ್ತದೆ, ‘ಅಮ್ಮ’ ಅಥವಾ ‘ಮಗು’ ಬಂದ ಕೂಡಲೇ ಓದು ಮುರಿಯುತ್ತದೆ. ಕೋಡ್‌ನಲ್ಲಿ ‘ಎನ್‌ಕೋಡಿಂಗ್="ಯುಟಿಎಫ್-8"’ ಬರೆಯುವುದು ಸರಿಯಾದ ಪರಿಹಾರ. ನಿಮ್ಮ ಯೂಸರ್ ಅಕೌಂಟ್‌ಗೆಲ್ಲ ಒಮ್ಮೆಗೇ ಬೇಕಿದ್ದರೆ ‘ಸೆಟ್‌ಎಕ್ಸ್ ಪೈಥಾನ್‌ಯುಟಿಎಫ್8 1’ ಕೊಟ್ಟು ಎಡಿಟರ್ ಮುಚ್ಚಿ ತೆರೆಯಿರಿ. ವೇರಿಯಬಲ್‌ನ ಹೆಸರು ಪೂರ್ತಿ ದೊಡ್ಡಕ್ಷರದಲ್ಲಿ. ಇದು ಪೈಥಾನ್ 3.7ರಿಂದ ಲಭ್ಯ.

ಮನುಷ್ಯರಿಲ್ಲದ ಕಡೆ ಓಡುವಾಗ

ನಿಗದಿತ ಹೊತ್ತಿಗೆ ತಾನಾಗಿ ಓಡಲು ಕ್ರಾನ್‌ನಲ್ಲಿ ಹಾಕಿದ ಪ್ರೋಗ್ರಾಂ ನಿಮ್ಮ ‘.ಬ್ಯಾಶ್‌ಆರ್‌ಸಿ’ ಓದುವುದಿಲ್ಲ. ಪಾತ್‌ನಲ್ಲಿ ‘/ಯುಎಸ್ಆರ್/ಬಿನ್’ ಮತ್ತು ‘/ಬಿನ್’ ಬಿಟ್ಟು ಹೆಚ್ಚೇನೂ ಇರುವುದಿಲ್ಲ, ಪೈಎನ್ವ್ ಆಗಲಿ, ಅಂಥದ್ದೇ ಇನ್ನೊಂದು ಟೂಲ್ ಕೊಂಡಾ ಆಗಲಿ ಅಲ್ಲಿಲ್ಲ. ಕ್ರಾನ್ ಸಾಲಿನಲ್ಲಿ ‘.ವೆನ್ವ್/ಬಿನ್/ಪೈಥಾನ್’ ಅನ್ನು ರೂಟ್‌ನಿಂದ ಶುರುವಾಗುವ ಪೂರ್ತಿ ಪಾತ್ ಆಗಿ ಬರೆಯಿರಿ.

ಗಿಟ್‌ಹಬ್‌ನ ಸರ್ವರ್‌ನಲ್ಲಿ ಕೋಡ್ ತಾನಾಗಿ ಓಡಿಸುವ ಗಿಟ್‌ಹಬ್ ಆಕ್ಷನ್ಸ್‌ನ ಸೆಟ್ಟಿಂಗ್ ಬರೆಯುವ ಯಾಮಲ್ ಫೈಲ್‌ನಲ್ಲಿ ‘ಪೈಥಾನ್-ವರ್ಷನ್: 3.10’ ಎಂದು ಬರೆದರೆ ಯಾಮಲ್ ಅದನ್ನು ದಶಮಾಂಶ ಸಂಖ್ಯೆ ಎಂದು ಓದಿ ಕೊನೆಯ ಸೊನ್ನೆ ಬಿಟ್ಟುಬಿಡುತ್ತದೆ, 3.1 ಹುಡುಕಿ ಸಿಗಲಿಲ್ಲ ಎನ್ನುತ್ತದೆ. 3.9 ಮತ್ತು 3.11ಕ್ಕೆ ಹೀಗಾಗದು, ಆದ್ದರಿಂದಲೇ ಕಣ್ಣು ತಪ್ಪುತ್ತದೆ. ‘"3.10"’ ಎಂದು ಉದ್ಧರಣ ಚಿಹ್ನೆಯೊಳಗೆ ಬರೆಯಿರಿ.